ಹಾಲಿಗಾಗಿ ಲೋಟ ಬಡಿದವಳು

ಕೋಪ ಬಂದರೆ ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಅಡುಗೆಮನೆಯ ಮೂಲಕ ಹೇಳುತ್ತೇನೆ. ಹುಳಿಗೆ ಒಗ್ಗರಣೆ ಬೀಳದಿದ್ದರೆ ನಮ್ಮ ಯಜಮಾನರಿಗೆ ತಿಳಿದುಹೋಗುತ್ತದೆ. ಯಾತಕ್ಕೆಂದು ಗೊತ್ತಿಲ್ಲದಿದ್ದರೂ ಬಂದು ಕ್ಷಮೆ ಕೇಳುತ್ತಾರೆ. ಈ ಭಾಷೆ ಹೊರಗಿನವರಿಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆ. ಅರ್ಥವಾಗುತ್ತದೆ. ನಾವು ಹೇಳಿದ್ದಕ್ಕಿಂತ ಜಾಸ್ತಿಯೇ ಅರ್ಥವಾಗುತ್ತದೆ.

ಮಾರಿಸೋಲ್, ಜಪಾನಿನ ಒಕಾಜಾಕಿಯಲ್ಲಿ ನಮ್ಮ ಕೆಳಗಿನ ಮನೆಯವಳು. ಅವಳ ಗಂಡನೂ ನಮ್ಮವರ ಹಾಗೆ ಸಂಶೋಧನೆಗೆಂದು ಬಂದವನು. ಊರು ಮೆಕ್ಸಿಕೋದ ವೆರಾಕ್ರೂಸ್, ಸಮುದ್ರದಂಡೆಯ ಹಳೇ ಬಂದರು. ಇಬ್ಬರದೂ ಮುರುಕು ಇಂಗ್ಲಿಷು, ಅದಕ್ಕಿಂತ ಮುರುಕು ಜಪಾನಿ. ಆದರೂ ಯಾವ ಕಸ ಯಾವ ದಿನ ಹೊರಗಿಡಬೇಕು, ಕೊತ್ತಂಬರಿ ಎಲ್ಲಿ ಸಿಗುತ್ತದೆ ಎಂದು ಮಾತಾಡಿಕೊಂಡು, ಪ್ರತಿ ಮಂಗಳವಾರ ನಾಲ್ಕಕ್ಕೆ ನಮ್ಮಲ್ಲಿ ಕಾಫಿ. ಒಮ್ಮೆ ಹಾಲು ಇನ್ನೂ ಕಾದಿರಲಿಲ್ಲ. ಬರೀ ಡಿಕಾಕ್ಷನ್ ಹಾಕಿದ ಸ್ಟೀಲ್ ಲೋಟ ಅವಳ ಮುಂದಿಟ್ಟು ಒಳಗೆ ಹೋದೆ. ಟಿಣ್ ಟಿಣ್ ಟಿಣ್! ತಿರುಗಿ ನೋಡಿದರೆ, ಚಮಚದಿಂದ ಲೋಟ ಬಡಿಯುತ್ತ ನಗುತ್ತಿದ್ದಾಳೆ.

ಕಾಫಿ ತಡವಾದರೆ ನಮ್ಮ ಮಾವನವರು ಹಾಗೇ ಬಡಿಯುತ್ತಿದ್ದರು. ಹನ್ನೊಂದು ವರ್ಷ ಆ ಸದ್ದಿಗೆ ಓಡಿದವಳು, ಇಷ್ಟು ದೂರ ಬಂದೂ ಓಡಬೇಕೇ? ಮುಂದಿನ ವಾರ ಕಾಫಿಯನ್ನು ಒಳಗೇ ಬೆರೆಸಿ ಕಾಗದದ ಲೋಟದಲ್ಲಿ ತಂದಿಟ್ಟೆ. ಬಡಿ ನೋಡೋಣ! ಅವಳು ಎತ್ತಿದ ಚಮಚವನ್ನು ಮೆಲ್ಲಗೆ ಕೆಳಗಿಟ್ಟಳು. ಮೂರು ವಾರ ಹೀಗಾದ ಮೇಲೆ, ಮಂಗಳವಾರಗಳಂದು ಅವಳಿಗೆ ಬೇರೇನೋ ಕೆಲಸ ಬೀಳತೊಡಗಿತು. ನಾನು ಗೆದ್ದೆ ಅಂದುಕೊಂಡೆ.

ಚಳಿ ಮುಗಿಯುವಾಗ ಅವಳ ಗಂಡನ ಅವಧಿಯೂ ಮುಗಿಯಿತು. ಹೊರಡುವ ಹಿಂದಿನ ದಿನ ಬಂದು ಉದ್ದನೆಯ ಗಾಜಿನ ಲೋಟವೊಂದನ್ನು ಕೈಗಿಟ್ಟಳು. ಅವರೂರಿನ ಹೋಟೆಲಿನಲ್ಲಿ ಮೊದಲು ಇಂಥ ಲೋಟದಲ್ಲಿ ಕಪ್ಪು ಕಾಫಿ ಇಟ್ಟು ಹೋಗುತ್ತಾರಂತೆ. ಚಮಚದಿಂದ ಬಡಿದರೆ ಹಾಲಿನವನು ಬಂದು ಎತ್ತರದಿಂದ ಸುರಿಯುತ್ತಾನಂತೆ. ಹಿಂದೆ ಒಬ್ಬ ಟ್ರಾಮ್ ಡ್ರೈವರು, ತನ್ನ ಕಾಫಿ ಸಿದ್ಧವಿರಲಿ ಎಂದು ದೂರದಿಂದಲೇ ಗಂಟೆ ಬಾರಿಸುತ್ತಿದ್ದನಂತೆ. ಅವನು ಸತ್ತು, ಹೆಣ ಹೋಟೆಲಿನ ಮುಂದೆ ಹಾದಾಗ, ಒಳಗಿದ್ದವರೆಲ್ಲ ಲೋಟ ಬಡಿದು ಕಳಿಸಿಕೊಟ್ಟರಂತೆ.

"ನೀನು ಎತ್ತರದಿಂದ ಹಾಲು ಸುರಿಯೋದು ನೋಡಿದಾಗೆಲ್ಲ ನಮ್ಮೂರಲ್ಲೇ ಇದೀನಿ ಅನ್ನಿಸ್ತಿತ್ತು. ಅದಕ್ಕೇ ಬಡಿದೆ," ಎಂದಳು.

"ಮೊದಲೇ ಹೇಳೋದಲ್ವೇನೇ!"

"ನೀನು ಮೊದಲೇ ಕೇಳೋದಲ್ವಾ? ಕಾಗದದ ಲೋಟ ಇಟ್ಟೆ. ನಾನು ಬರೋದೇ ನಿನಗೆ ಬೇಡ ಅಂದ್ಕೊಂಡೆ."

ಸುಮಿಮಾಸೆನ್ ಎಂದೆ. ರೈಲಿನಲ್ಲಿ ಕಾಲು ತುಳಿದಾಗ ಹೇಳುವ ಮಾತು, ಇದಕ್ಕೆ ಸಾಲಲಿಲ್ಲ.

ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಆ ಲೋಟ, ಚಮಚ ಹಿಡಿದು ನಿಂತೆ. ಟ್ಯಾಕ್ಸಿ ಹೊರಟಿತು. ಚಮಚ ಎತ್ತಿದ್ದೇ ತಡ, ಯಜಮಾನರು ಹಿಂದಿನಿಂದ, "ಲೇ, ಅಕ್ಕಪಕ್ಕದವರು ಏನಂದ್ಕೋತಾರೆ!" ಎಂದರು. ಹಾಗಾಗಿ ಜಪಾನಿಗೆ ತಕ್ಕಷ್ಟು ಮೆತ್ತಗೆ ಬಡಿದೆ. ಟ್ಯಾಕ್ಸಿಯ ಕಿಟಕಿ ಮುಚ್ಚಿತ್ತು. ಅವಳು ತಿರುಗಲಿಲ್ಲ.

ಈಗಲೂ ಮಂಗಳವಾರ ನಾಲ್ಕಕ್ಕೆ ಆ ಲೋಟಕ್ಕೆ ಡಿಕಾಕ್ಷನ್ ಹಾಕಿಕೊಂಡು ಕೂರುತ್ತೇನೆ. ಮನೆಯಲ್ಲಿ ಯಾರೂ ಇಲ್ಲದ್ದರಿಂದ ಜೋರಾಗಿಯೇ ಬಡಿಯುತ್ತೇನೆ. ಸ್ವಲ್ಪ ಹೊತ್ತು ಕಾದು, ಎದ್ದು ಹೋಗಿ ಹಾಲು ತಂದು ಎತ್ತರದಿಂದ ಸುರಿದುಕೊಳ್ಳುತ್ತೇನೆ. ಮಾವನವರ ಕಾಲದಿಂದಲೂ ಆ ಸದ್ದಿಗೆ ಓಡುವ ಕೆಲಸ ನನ್ನದೇ ತಾನೆ.