ಹನ್ನೆರಡನೆಯ ಕೈ

ಬಾಗಿಲಿಗೆ ಕೆಂಪು ಬಣ್ಣ ಬಳಿದು ಏಣಿ ಇಳಿಯುವಾಗ ಕಾಲು ಜಾರಿತು. ಕಲಾ ಸಂಗ್ರಹಾಲಯದ ಬಣ್ಣದವನು ಪಕ್ಕದ ಗೋಡೆಗೆ ಬಣ್ಣ ಮೆತ್ತಿದ್ದ ಎಡಗೈ ಊರಿ ಬಚಾವಾದ. ಬಿದ್ದಿದ್ದರೆ ಸೊಂಟ ಮಾತ್ರ ಹೋಗುತ್ತಿತ್ತು. ಬೀಳದೆ ಉಳಿದದ್ದಕ್ಕೆ ಕೆಲಸವೇ ಹೋಗುವ ಹಾಗಾಯಿತು. ಅದು ಮೊದಲನೆಯ ಕೋಣೆಯ ಗೋಡೆ. ಆದಿಮಾನವರ ಗುಹೆಯ ನಕಲು: ಎರಡು ಕಾಡೆಮ್ಮೆ, ಒಂದು ಜಿಂಕೆ, ಹನ್ನೊಂದು ಕೆಂಪು ಕೈ. ಈಗ ಹನ್ನೆರಡು. ಹೊಸದರ ಉಂಗುರ ಬೆರಳು ಅರ್ಧವೇ ಇತ್ತು, ಬಣ್ಣದವನ ಬೆರಳಿನ ಹಾಗೆಯೇ.

ಪ್ರದರ್ಶನದ ವಸ್ತು ಮುಟ್ಟಿದ ಕೆಲಸಗಾರನಿಗೆ ಅಂದೇ ಗೇಟ್‌ಪಾಸ್. ಐದು ವರ್ಷ ಹಂಗಾಮಿಯಾಗಿ ದುಡಿದ ಇವನ ಕಾಯಂ ಆದೇಶಕ್ಕೆ ನಿರ್ದೇಶಕರು ಸಹಿ ಹಾಕುವುದೋ, ಅಂದೇ ಸಂಜೆ ಐದಕ್ಕೆ!

ಒರೆಸಲು ಬಟ್ಟೆ ತರುವಷ್ಟರಲ್ಲಿ ಗೈಡಮ್ಮ ಶಾಲೆಮಕ್ಕಳ ದಂಡಿನೊಡನೆ ಒಳಗೆ ಬಂದಿದ್ದರು. ಆಕೆಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಇದ್ದರೆ ಅಲ್ಲೇ ಹುಟ್ಟಿಸುತ್ತಿದ್ದರು.

"ಈ ಅರ್ಧ ಬೆರಳು ನೋಡಿದ್ರಾ? ಕರಡಿ ಕಚ್ಚಿದ್ದು. ಆದ್ರೂ ಆ ಮಹಾನುಭಾವ ಕರಡೀನ ಬಿಡ್ಲಿಲ್ಲ!"

ಮಕ್ಕಳು ಚಪ್ಪಾಳೆ ತಟ್ಟಿದರು. ಮರ ಕೊಯ್ಯುವ ಯಂತ್ರಕ್ಕೆ ಬೆರಳು ಕಳೆದುಕೊಂಡಿದ್ದ ಬಣ್ಣದವನು ಒಂದು ಕ್ಷಣ ಬೀಗಿದ. ಮರುಕ್ಷಣ ಎಡಗೈಯನ್ನು ಜೇಬಿಗೆ ತುರುಕಿ ಕಾಲಿಗೆ ಬುದ್ಧಿ ಹೇಳಿದ.

ರಾಜರ ಭಾವಚಿತ್ರ, ಹಣ್ಣಿನ ಬುಟ್ಟಿ, ಕಿವಿಯ ಜಾಗದಲ್ಲಿ ಮೂಗಿದ್ದ ಹೆಂಗಸರು ಎಲ್ಲವನ್ನೂ ಎರಡೇ ನಿಮಿಷದಲ್ಲಿ ದಾಟಿ ಕೊನೆಯ ಕೋಣೆ ಸೇರಿದ. ಅಲ್ಲಿ ಒಂದು ಖಾಲಿ ಕುರ್ಚಿ, ಒಂದು ಬಕೆಟ್ಟು. ಇದೂ ಕಲೆಯೇ ಎಂದು ಪತ್ರಿಕೆಗಳಲ್ಲಿ ಆರು ತಿಂಗಳು ಜಗಳವಾಗಿತ್ತು. ಒಂದು ಕೈ ಜೇಬಿನಲ್ಲಿ, ಇನ್ನೊಂದರಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತವನಿಗೆ ಒಬ್ಬ ಗಂಡ, ಒಬ್ಬ ಹೆಂಡತಿ ಸುತ್ತು ಹಾಕಿದರು.

"ರೀ, ಇದರರ್ಥ ಏನಂತೆ?"

"ಮನುಷ್ಯನ ಅಸಹಾಯಕತೆ ಕಣೇ. ಮುಟ್ಬೇಡ."

ಅವನು ಉಸಿರು ಬಿಗಿಹಿಡಿದ. ಅವರು ಫೋಟೋ ತೆಗೆದುಕೊಂಡು ಹೋದರು.

ಮಧ್ಯಾಹ್ನ ಅವನ ಜೀವದ ಗೆಳೆಯ ಕಾವಲುಗಾರ ಹುಡುಕಿಕೊಂಡು ಬಂದ.

"ಲೋ, ಗುಹೇಲಿರೋ ಅರ್ಧ ಬೆರಳು ನಿಂದೇ ಅಲ್ವೇನೋ?"

"ಮೆತ್ತಗೆ ಮಾತಾಡೋ ಮಾರಾಯ! ಕೆಲಸ ಹೋಗತ್ತೆ."

"ನಾನಿದೀನಲ್ಲ, ನೀನು ತಲೆ ಕೆಡಿಸ್ಕೋಬೇಡ."

ಐದಕ್ಕೆ ನಿರ್ದೇಶಕರು ಆದೇಶವನ್ನು ಮುಂದಿಟ್ಟುಕೊಂಡು, ಸಹಿ ಹಾಕದೆ ಗಲ್ಲ ಕೆರೆದುಕೊಂಡರು.

"ಕಾಯಂ ಹುದ್ದೆ ಇರೋದು ಒಂದೇ ಕಣಯ್ಯ. ಬೆಳಿಗ್ಗೆ ಗುಹೆ ನೋಡಿ ಹೋದ ನಮ್ಮ ಮಂಡಳಿ ಅಧ್ಯಕ್ಷರು ಈಗ ಫೋನ್ ಮಾಡಿದ್ರು. ಹನ್ನೊಂದು ಕೈಗೆ ಜೀವ ಇಲ್ವಂತೆ, ಅರ್ಧ ಬೆರಳಿಂದು ಮಾತ್ರ ಕೂಗಿ ಕರೆಯೋ ಹಾಗಿದೆಯಂತೆ. ಆ ಕೈ ಮೂಡಿಸಿದವನಿಗೇ ಹುದ್ದೆ ಅಂದ್ರು. ನಿಂದು ಮುಂದಿನ ವರ್ಷ ನೋಡೋಣ."

ಬಣ್ಣದವನಿಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು. ಬೆಳಗಿನಿಂದ ಜೇಬಿನಲ್ಲಿ ಬೆವೆತಿದ್ದ ಕೈಯನ್ನು ಎತ್ತಿ ಹಿಡಿದ.

"ನಾನೇ ಸಾರ್ ಅದು! ಬನ್ನಿ, ಇಟ್ಟು ತೋರಿಸ್ತೀನಿ!"

ನಿರ್ದೇಶಕರು, ಗೈಡಮ್ಮ, ಕಾವಲುಗಾರ ಹಿಂದೆಯೇ ಬಂದರು. ಅವನು ಹನ್ನೆರಡನೆಯ ಕೈಯ ಮೇಲೆ ಕೈ ಇಟ್ಟ. ಅಂಗೈ ಸರಿಹೋಯಿತು, ಹೆಬ್ಬೆರಳು ಸರಿಹೋಯಿತು. ಆದರೆ ಅವನ ಅರ್ಧ ಬೆರಳಿನ ಮುಂದೆ ಉಳಿದರ್ಧ ಬೆರಳು ಉಗುರಿನ ಸಮೇತ ಗೋಡೆಯ ಮೇಲೆ ಮೂಡಿತ್ತು!

"ಐದೂ ಬೆರಳು ಪೂರ್ತಿ ಇದೆ. ಇದು ನಿನ್ನದು ಹೇಗಯ್ಯ?" ಎಂದರು ನಿರ್ದೇಶಕರು.

"ಗೈಡಮ್ಮಾ, ಬೆಳಿಗ್ಗೆ ಅರ್ಧ ಇತ್ತು ಅಂತ ನೀವಾದ್ರೂ ಹೇಳಿ! ನನ್ನದೇ ಅಂತ ಹೇಳಿ!"

"ಹೋಗಪ್ಪಾ," ಎಂದರು ಗೈಡಮ್ಮ. "ಅದು ಆದಿಮಾನವಂದೇ. ಮುನ್ನೂರು ಮಕ್ಕಳಿಗೆ ಹೇಳಿಬಿಟ್ಟಿದೀನಿ."

ನಿರ್ದೇಶಕರು ತಲೆ ಕೊಡವಿ ಹೊರಟರು, ಗೈಡಮ್ಮ ಅವರ ಹಿಂದೆ ಹೊರಟರು. ಕಾವಲುಗಾರ ಮಾತ್ರ ಹತ್ತಿರ ಸರಿದು, ಬಣ್ಣ ಮೆತ್ತಿ ಕೆಂಪಾಗಿದ್ದ ತನ್ನ ತೋರುಬೆರಳನ್ನು ಗೆಳೆಯನ ಮೂಗಿನ ಮುಂದೆ ಹೆಮ್ಮೆಯಿಂದ ಆಡಿಸಿದ.

"ಹೆಂಗೆ? ಒಬ್ಬರಿಗಾದ್ರೂ ಗೊತ್ತಾಯ್ತಾ?"