ಅಟ್ಟದ ಮೇಲಿನ ಡ್ರಮ್ಮು

ಡ್ರಾಯಿಂಗ್ ಮೇಷ್ಟ್ರ ಸೊಂಟ ಹಿಡಿದುಕೊಂಡದ್ದೇ ಎಲ್ಲಕ್ಕೂ ಮೂಲ. ಶಾಲೆಯ ಬೀರುವನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಜರುಗಿಸಲು ಬಗ್ಗಿದವರು ನೆಟ್ಟಗಾಗಲು ಮೂರು ವಾರ ಬೇಕಾಯಿತು. ಇನ್ನು ಮೇಲೆ ಡ್ರಾಯಿಂಗ್ ಪುಸ್ತಕಕ್ಕಿಂತ ಭಾರದ್ದು ಏನನ್ನೂ ಎತ್ತಬಾರದು ಎಂದು ಡಾಕ್ಟರು ಹೇಳಿಬಿಟ್ಟರು. ಆದರೆ ನಡುಮನೆಯಲ್ಲಿ ಹೆಂಡತಿಯ ಮೀನಿನ ತೊಟ್ಟಿ ಇತ್ತು. ಪ್ರತಿ ಭಾನುವಾರ ಅದರಿಂದ ಎರಡು ಬಕೆಟ್ ಹಳೇ ನೀರು ತೆಗೆದು ಎರಡು ಬಕೆಟ್ ಹೊಸ ನೀರು ಹಾಕಬೇಕು. ಆಕೆಗೆ ಮಂಡಿನೋವು. ಹಾಗಾಗಿ ಹದಿನೈದು ದಿನದ ಮಟ್ಟಿಗೆ ಎಂದು ಆಕೆಯ ತಮ್ಮ ಬಂದ. ಬಂದು ಹನ್ನೊಂದು ತಿಂಗಳಾಗಿತ್ತು.

ಬಂದವನಿಗೆ ಮಲಗಲು ಮೇಷ್ಟ್ರ ಕೋಣೆ ಕೊಟ್ಟರು. ಮೇಷ್ಟ್ರು ನಡುಮನೆಯ ಬೆಂಚಿಗೆ ಬಂದರು. ಕೋಣೆಯಲ್ಲಿ ಇದ್ದದ್ದು ಒಂದು ಮಂಚ, ಒಂದು ಕಿಟಕಿ, ಕಿಟಕಿಯ ಬೆಳಕು ಬೀಳುವ ಕಡೆ ಚಿತ್ರ ಬರೆಯುವ ಒಂದು ಸ್ಟ್ಯಾಂಡು. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಹೂಜಿ, ಚಿಟ್ಟೆ, ಸೂರ್ಯೋದಯ ಬರೆಸಿ ಬರೆಸಿ ಬೇಸತ್ತ ಮೇಷ್ಟ್ರು, ಜೀವಮಾನದಲ್ಲಿ ಒಂದಾದರೂ ಸ್ವಂತ ಚಿತ್ರ ಬರೆಯಬೇಕೆಂದು ಶುರು ಮಾಡಿದ್ದ ಕ್ಯಾನ್ವಾಸು ಆ ಸ್ಟ್ಯಾಂಡಿನ ಮೇಲಿತ್ತು. ತೀರಿಹೋದ ತಾಯಿಯ ಚಿತ್ರ. ಸೀರೆಯ ನೆರಿಗೆ, ಮಡಿಲಲ್ಲಿಟ್ಟ ಕೈ, ಕೈಯ ನರ ಎಲ್ಲ ಮುಗಿದಿತ್ತು. ಮುಖವೊಂದು ಬಾಕಿ. ತಾಯಿಯದು ಒಂದೂ ಸರಿಯಾದ ಫೋಟೋ ಇರಲಿಲ್ಲ, ನೆನಪಿನಿಂದಲೇ ಬರೆಯಬೇಕಿತ್ತು, ನೆನಪು ದಿನಕ್ಕಿಷ್ಟು ಸವೆಯುತ್ತಿತ್ತು. ಈಗ ಆ ಸ್ಟ್ಯಾಂಡಿನ ಮೇಲೆ ಭಾವಮೈದನ ಪ್ಯಾಂಟು ಒಣಗುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಮೇಷ್ಟ್ರಿಗೆ ಅಳು ಬರುತ್ತಿತ್ತು. ಮನೆಯವರು ಅದನ್ನು ಸೊಂಟದ ನೋವೆಂದುಕೊಂಡು ಎಣ್ಣೆ ಕಾಯಿಸಿ ಕೊಡುತ್ತಿದ್ದರು.

ಮೂವತ್ತೆರಡು ವರ್ಷದ ಆ ಭಾವಮೈದನನ್ನು ಅಕ್ಕ ಪುಟ್ಟ ಎಂದೇ ಕರೆಯುತ್ತಿದ್ದಳು. ಅವನ ಕೆಲಸ ವಾರಕ್ಕೆ ಇಪ್ಪತ್ತು ನಿಮಿಷ. ಬಕೆಟ್ ಎತ್ತಿ ಇಳಿಸಿದ ಮೇಲೆ ಸೋಮವಾರವೆಲ್ಲ ಭುಜ ಒತ್ತಿಸಿಕೊಳ್ಳುತ್ತಿದ್ದ, ಮಂಗಳವಾರದಿಂದ ಶುಕ್ರವಾರದವರೆಗೆ ಸುಧಾರಿಸಿಕೊಳ್ಳುತ್ತಿದ್ದ, ಶನಿವಾರ ಟಬ್ಬಿನಲ್ಲಿ ನೀರು ಹಿಡಿದಿಟ್ಟು ಮರುದಿನದ ಶ್ರಮಕ್ಕೆ ಮನಸ್ಸನ್ನು ಅಣಿಮಾಡಿಕೊಳ್ಳುತ್ತಿದ್ದ.

ಅವನನ್ನು ಸಾಗಹಾಕುವ ಮಾತೆತ್ತಿದರೆ ಹೆಂಡತಿಯದು ಒಂದೇ ಪ್ರಶ್ನೆ: ಮೀನಿನ ನೀರು ಯಾರು ಬದಲಾಯಿಸುತ್ತಾರೆ? ಹದಿನೈದು ದಿನದ ಹಿಂದೆ ಮೇಷ್ಟ್ರು ಧೈರ್ಯ ಮಾಡಿ, ನೀರು ತನ್ನಷ್ಟಕ್ಕೆ ತಾನೇ ಬದಲಾಗುವಂತಾದರೆ ಏನು ಮಾಡುತ್ತೀ ಎಂದು ಕೇಳಿದ್ದರು.

"ಹಾಗಾದ್ರೆ ಅವನನ್ನ ಯಾಕೆ ಇಟ್ಕೊಳ್ಳಲಿ? ನಾನೇ ಬಟ್ಟೆ ಮಡಿಚಿ ಕೊಟ್ಟು ಕಳಿಸ್ತೀನಿ" ಎಂದಿದ್ದಳು ಆಕೆ.

ಅವತ್ತಿನಿಂದ ಮೇಷ್ಟ್ರು ಶಾಲೆಯಲ್ಲಿ ಮಕ್ಕಳಿಗೆ ಹೂಜಿ ಬರೆಯಲು ಹೇಳಿ ತಾವು ಮೇಜಿನ ಮೇಲೆ ನಕ್ಷೆ ಬರೆದರು. ತೊಟ್ಟಿಯಿಂದ ಬಚ್ಚಲಿಗೆ ಒಂದು ಪೈಪು, ಹಳೇ ನೀರು ಹೋಗಲು. ಅಟ್ಟದ ಮೇಲೆ ಒಂದು ಪ್ಲಾಸ್ಟಿಕ್ ಡ್ರಮ್ಮು, ಅದರಿಂದ ತೊಟ್ಟಿಗೆ ಇನ್ನೊಂದು ಪೈಪು, ಹೊಸ ನೀರು ಬರಲು. ಎರಡಕ್ಕೂ ಒಂದೊಂದು ನಲ್ಲಿ. ಎರಡು ನಲ್ಲಿ ತಿರುಗಿಸಿ ಕೂತರೆ ಸಾಕು. ಹೋಗುವ ನೀರಿಗೆ ಕಂದು ಬಣ್ಣ, ಬರುವ ನೀರಿಗೆ ನೀಲಿ ಬಣ್ಣ ಹಾಕಿದರು. ಡ್ರಮ್ಮಿನ ತುಂಬ ಸಣ್ಣ ಸಣ್ಣ ಅಲೆಗಳನ್ನು ಬರೆಯಲು ಮಾತ್ರ ಎರಡು ಪಿರಿಯಡ್ ಹಿಡಿಯಿತು. ಅಷ್ಟು ಚೆಂದದ ನಕ್ಷೆ ತಪ್ಪಾಗಲು ಸಾಧ್ಯವೇ ಇಲ್ಲ ಎಂದು ಅವರಿಗೇ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಭಾವಮೈದ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸ್ನೇಹಿತನನ್ನು ನೋಡಿ ಸಂಜೆ ಬರುತ್ತೇನೆ, ಬಂದ ಮೇಲೆ ಮೀನಿನ ನೀರು ಬದಲಾಯಿಸುತ್ತೇನೆ ಎಂದು ಹೋದ. ಅವನು ಮೆಟ್ಟಿಲು ಇಳಿದ ಸದ್ದು ನಿಂತದ್ದೇ ತಡ, ಮೇಷ್ಟ್ರು ಬೆಂಚಿನ ಕೆಳಗೆ ಬಚ್ಚಿಟ್ಟಿದ್ದ ಪೈಪಿನ ಸುರುಳಿ ಹೊರಗೆಳೆದರು.

ಗುಟ್ಟಾಗಿ ಮುಗಿಸಬೇಕೆಂದಿದ್ದ ಕೆಲಸ ಗುಟ್ಟಾಗಿ ಉಳಿದದ್ದು ಹತ್ತು ನಿಮಿಷ. ಖಾಲಿ ಡ್ರಮ್ಮನ್ನು ಅಟ್ಟಕ್ಕೆ ತಳ್ಳುವಾಗ ಅದು ಜಾರಿ ನೆಲಕ್ಕೆ ಬಿದ್ದು ಮೂರು ಮಹಡಿಗೂ ಕೇಳುವಂತೆ ಸದ್ದು ಮಾಡಿತು. ಮೊದಲು ಬಂದವರು ಎದುರುಮನೆಯ ರಿಟೈರ್ಡ್ ಓವರ್‌ಸಿಯರು. ವಯಸ್ಸು ಎಪ್ಪತ್ತೊಂದು, ರಿಟೈರಾಗಿ ಹದಿಮೂರು ವರ್ಷ, ಆ ಹದಿಮೂರು ವರ್ಷದಲ್ಲಿ ಅವರ ಮಾತು ಕೇಳುವ ಒಬ್ಬ ಕೂಲಿಯೂ ಸಿಕ್ಕಿರಲಿಲ್ಲ. ಪೈಪು ನೋಡಿದೊಡನೆ ಅವರ ಕಣ್ಣು ಹೊಳೆಯಿತು.

"ಮೇಷ್ಟ್ರೇ, ಇಷ್ಟು ಸಣ್ಣ ಪೈಪಲ್ಲಿ ನೀರು ಹೋಗೋಷ್ಟರಲ್ಲಿ ನಿಮ್ಮ ಮೀನಿಗೆ ವಯಸ್ಸಾಗುತ್ತೆ" ಎಂದವರೇ ತಮ್ಮ ಮನೆಗೆ ಹೋಗಿ ಹೆಬ್ಬೆರಳಿಗಿಂತ ದಪ್ಪನೆಯ ಹಳೇ ಪೈಪು, ಏಣಿ, ಒಂದು ಡಬ್ಬಿ ಅಂಟು ತಂದರು. ಬೇಡವೆಂದರೆ ಕೇಳುವ ಆಸಾಮಿಯಲ್ಲ. ಏಣಿ ಹತ್ತಿ ಡ್ರಮ್ಮನ್ನು ಅಟ್ಟದ ಮೇಲೆ ಕೂರಿಸಿ, ಅದರ ಪೈಪನ್ನು ಗೋಡೆಗುಂಟ ಇಳಿಸಿ, ಒಮ್ಮೆ ಹಿಡಿದರೆ ಗೋಡೆ ಬಿದ್ದರೂ ಬಿಡದಂಥ ಅಂಟು ಮೆತ್ತಿ, ನಕ್ಷೆಯಲ್ಲಿದ್ದದ್ದಕ್ಕಿಂತ ಎರಡು ಮೊಳೆ ಹೆಚ್ಚೇ ಹೊಡೆದರು. ಮೇಷ್ಟ್ರ ಹೆಂಡತಿ ಅಡಿಗೆಮನೆಯಿಂದ ಇಣುಕಿ ನೋಡಿ, ಏನೋ ಹೇಳಲು ಬಾಯಿ ತೆರೆದು, ಮತ್ತೆ ಒಳಗೆ ಹೋದಳು.

ಹಳೇ ನೀರಿನ ಪೈಪಿಗೆ ನೀರು ಹತ್ತಿಸಲು ಅದರ ಬಚ್ಚಲಿನ ತುದಿಯನ್ನು ಬಾಯಲ್ಲಿಟ್ಟು ಎಳೆಯಬೇಕಿತ್ತು. ಓವರ್‌ಸಿಯರು ತಮಗೆ ಕಟ್ಟಿದ ಹಲ್ಲು ಎಂದು ತಪ್ಪಿಸಿಕೊಂಡರು. ಮೇಷ್ಟ್ರು ನೆಲದ ಮೇಲೆ ಕೂತು ಎಳೆದರು. ಒಂದು ಸಲ ಬರೀ ಗಾಳಿ. ಎರಡನೆಯ ಸಲವೂ ಗಾಳಿ. ಮೂರನೆಯ ಸಲ ಒಂದು ವಾರದ ಮೀನಿನ ನೀರು ಒಂದು ಲೋಟದಷ್ಟು ಹೊಟ್ಟೆ ಸೇರಿತು. ವಾಂತಿ ಬರುವಂತಾಗಿ ಅವರು ಗೋಡೆ ಹಿಡಿದು ನಿಂತಿದ್ದಾಗ ನಡುಮನೆಯಿಂದ ಹೆಂಡತಿ ಕೂಗಿದಳು.

ತೊಟ್ಟಿಯಲ್ಲಿ ಆರು ಮೀನಿದ್ದವು. ಐದು ಕೆಂಪು, ಒಂದು ಕಪ್ಪು. ಕಪ್ಪು ಮೀನಿಗೆ ಉಬ್ಬುಗಣ್ಣು. ಅದು ನೋಡುವ ರೀತಿ ಶಾಲಾ ತಪಾಸಣೆಗೆ ಬರುವವರದೇ ಆದ್ದರಿಂದ ಮೇಷ್ಟ್ರು ಅದಕ್ಕೆ ಇನ್‌ಸ್ಪೆಕ್ಟರು ಎಂದು ಹೆಸರಿಟ್ಟಿದ್ದರು. ಹೆಂಡತಿಗೆ ಎಲ್ಲಕ್ಕಿಂತ ಪ್ರೀತಿಯ ಮೀನು. ಓವರ್‌ಸಿಯರ ದಪ್ಪ ಪೈಪು ಆ ಇನ್‌ಸ್ಪೆಕ್ಟರನ್ನೇ ಬಾಲದ ಕಡೆಯಿಂದ ನುಂಗಿತ್ತು. ಎರಡು ಕಣ್ಣು ಮಾತ್ರ ಪೈಪಿನ ಬಾಯಿಂದ ಹೊರಗಿದ್ದು ಎಲ್ಲರನ್ನೂ ನೋಡುತ್ತಿದ್ದವು.

ಹೆಂಡತಿ ಪೈಪು ಹಿಡಿದು ಅತ್ತ ಎಳೆದಳು, ಓವರ್‌ಸಿಯರು ಇತ್ತ ಎಳೆದರು. ಮೀನು ಹೊರಬಂತು. ಜೊತೆಗೆ ಪೈಪು ನಡುವಿನ ಜೋಡಣೆಯಲ್ಲಿ ಬಿಚ್ಚಿಕೊಂಡು ನಡುಮನೆಯ ತುಂಬ ನೀರು ಸುರಿಯತೊಡಗಿತು. ಎಲ್ಲರೂ ಮೀನು ಬದುಕಿದೆಯೇ ಎಂದು ನೋಡುತ್ತಿದ್ದರಿಂದ ನಲ್ಲಿ ಮುಚ್ಚುವ ನೆನಪು ಯಾರಿಗೂ ಆಗಲಿಲ್ಲ.

ಕೆಳಗಿನ ಮನೆಯ ಟೈಲರಮ್ಮ ಬಂದಾಗ ಅವರ ಕೈಯಲ್ಲಿ ಒದ್ದೆಯಾದ ರೇಷ್ಮೆ ರವಿಕೆಯಿತ್ತು, ಹಿಂದೆ ಅದರ ಒಡತಿಯಿದ್ದಳು. ಇಬ್ಬರೂ ಜಗಳಕ್ಕೇ ಬಂದವರು. ಆದರೆ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು ಉಳಿದು, ಮೀನುಗಳು ಪಕ್ಕಕ್ಕೆ ಒರಗಿ ಬಾಯಿ ಬಿಡುತ್ತಿದ್ದುದನ್ನು ನೋಡಿ ಟೈಲರಮ್ಮ ಜಗಳವನ್ನು ಮುಂದಕ್ಕೆ ಹಾಕಿದರು. ಕೆಳಗೋಡಿ ಒಂದು ತುಂಡು ನೆಟ್ ಬಟ್ಟೆ ತಂದು ಪೈಪಿನ ಬಾಯಿಗೆ ಬಿಗಿದು ಹೊಲಿದೇಬಿಟ್ಟರು. ಇನ್ನು ಮೀನೇನು, ಮೀನಿನ ಕಾಳೂ ಒಳಗೆ ಹೋಗುವಂತಿರಲಿಲ್ಲ.

ಈಗ ಅರ್ಜೆಂಟಾಗಿ ಹೊಸ ನೀರು ಬೇಕಿತ್ತು. ಡ್ರಮ್ಮು ಖಾಲಿ. ನಿನ್ನೆ ಹಿಡಿದಿಟ್ಟ ನೀರು ಬಚ್ಚಲಿನ ಟಬ್ಬಿನಲ್ಲಿ. ಕೊಡದಿಂದ ನೇರವಾಗಿ ತೊಟ್ಟಿಗೆ ಸುರಿಯೋಣವೆಂದಳು ಹೆಂಡತಿ. ಓವರ್‌ಸಿಯರಿಗೆ ಅವಮಾನವಾಯಿತು. ಹಾಗೆ ಸುರಿದರೆ ತಳದ ಗಲೀಜು ಮೇಲೇಳುತ್ತದೆ, ಮೀನಿನ ಎದೆ ಒಡೆಯುತ್ತದೆ, ಅಲ್ಲದೆ ಇಷ್ಟೆಲ್ಲ ಕಟ್ಟಿದ್ದು ಯಾಕೆ ಎಂದು ಏಣಿಯ ತುದಿಯಲ್ಲಿ ನಿಂತು ಕೈ ಚಾಚಿದರು. ಹೆಂಡತಿ ಟಬ್ಬಿನಿಂದ ತುಂಬಿದಳು, ರವಿಕೆಯ ಒಡತಿ ಸೆರಗು ಸಿಕ್ಕಿಸಿಕೊಂಡು ಹೊತ್ತಳು, ಟೈಲರಮ್ಮ ಏಣಿಯ ನಡುವೆ ನಿಂತು ಮೇಲಕ್ಕೆ ಕೊಟ್ಟರು, ಓವರ್‌ಸಿಯರು ಸುರಿದರು. ಹನ್ನೆರಡು ಕೊಡ. ಮೇಷ್ಟ್ರು ಎಣಿಸಿದರು. ಎತ್ತುವಂತಿಲ್ಲದ ಅವರಿಗೆ ಬೇರೆ ಕೆಲಸವಿರಲಿಲ್ಲ.

ನಲ್ಲಿ ತಿರುಗಿಸಿದರು. ಗೋಡೆಗುಂಟ ನೀರು ಗುಳುಗುಳು ಎನ್ನುತ್ತ ಇಳಿದು ಸದ್ದಿಲ್ಲದೆ ತೊಟ್ಟಿಗೆ ಸೇರಿತು. ನೀರು ಏರಿದಂತೆ ಮೀನುಗಳು ಒಂದೊಂದಾಗಿ ನೆಟ್ಟಗಾದವು. ಕೊನೆಗೆ ಇನ್‌ಸ್ಪೆಕ್ಟರು ಒಂದು ಸುತ್ತು ಹಾಕಿ ಬಂದು ಗಾಜಿಗೆ ಮೂತಿ ಇಟ್ಟಾಗ ಹೆಂಡತಿ ಕಣ್ಣೊರೆಸಿಕೊಂಡಳು. ಆಮೇಲೆ ಬಿಚ್ಚಿದ ಪೈಪನ್ನು ಮತ್ತೆ ಅಂಟಿಸಿ, ನೀರು ಹತ್ತಿಸಿ, ಎರಡೂ ನಲ್ಲಿ ಬಿಟ್ಟು ನೋಡಿದರು. ಇತ್ತ ಹೋಗುತ್ತಿತ್ತು, ಅತ್ತ ಬರುತ್ತಿತ್ತು. ಓವರ್‌ಸಿಯರು ಮೇಷ್ಟ್ರ ಕೈ ಕುಲುಕಿದರು. ಟೈಲರಮ್ಮ ರವಿಕೆಯ ವಿಷಯ ನಾಳೆ ಮಾತಾಡೋಣ ಎಂದರು. ಅಟ್ಟದ ಹತ್ತಿರ ಒಂದು ಜೋಡಣೆಯಿಂದ ಮಾತ್ರ ಆಗೊಂದು ಈಗೊಂದು ಹನಿ ಕೆಳಗಿನ ಬೆಂಚಿನ ಮೇಲೆ ಬೀಳುತ್ತಿತ್ತು. ಬೀಳಲಿ ಎಂದುಕೊಂಡರು ಮೇಷ್ಟ್ರು. ನಾಳೆಯಿಂದ ಆ ಬೆಂಚಿನ ಮೇಲೆ ಮಲಗುವವರು ಯಾರು?

ಅವರು ಕೋಣೆಗೆ ಹೋಗಿ ಕ್ಯಾನ್ವಾಸಿನ ಮೇಲಿದ್ದ ಪ್ಯಾಂಟು ತೆಗೆದು ಮಂಚಕ್ಕೆ ಹಾಕಿದರು. ಖಾಲಿ ಮುಖದ ಜಾಗವನ್ನು ಬಹಳ ಹೊತ್ತು ನೋಡಿದರು. ತಾಯಿಯ ಹುಬ್ಬಿನ ಮೇಲಿದ್ದ ಗಾಯದ ಗುರುತು ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಒಂದು ಕ್ಷಣ ಗಾಬರಿಯಾಗಿ, ಆಮೇಲೆ ಎಡಕ್ಕೆ ಎಂದು ನೆನಪಾಗಿ, ಸಮಾಧಾನವಾಯಿತು. ಇನ್ನೂ ಹೊತ್ತು ಮೀರಿಲ್ಲ.

ಸಂಜೆ ಓವರ್‌ಸಿಯರು, ಟೈಲರಮ್ಮ ಕಾಫಿಗೆ ಬಂದು ಕೂತಿದ್ದಾಗ, ಐದಕ್ಕೆ ಭಾವಮೈದ ಬಂದ. ಕೈಯಲ್ಲಿ ಹೊಸ ಸೂಟ್‌ಕೇಸಿತ್ತು.

ಅವನು ಅಕ್ಕನ ಕಾಲು ಮುಟ್ಟಿ, ಮೇಷ್ಟ್ರ ಕಾಲಿಗೂ ಬಗ್ಗಿ, ಕೆಲಸ ಸಿಕ್ಕಿತೆಂದ. ಬೇರೆ ಊರಿನ ಗೋದಾಮಿನಲ್ಲಿ ಮೇಲ್ವಿಚಾರಕ, ಇರಲು ಅವರದೇ ಕ್ವಾರ್ಟರ್ಸು, ನಾಳೆ ಬೆಳಿಗ್ಗೆಯೇ ಹೊರಡಬೇಕು.

ಅಂದರೆ ಈ ಭಾನುವಾರವನ್ನು ಮೇಷ್ಟ್ರು ಬೆಂಚಿನ ಮೇಲೆ ಮಲಗಿ ಕಳೆದಿದ್ದರೂ ಸಾಕಿತ್ತು. ಇರಲಿ ಎಂದುಕೊಂಡರು. ಮೀನಿನ ನೀರು ಕುಡಿದದ್ದೊಂದು ನಷ್ಟ, ಅಷ್ಟೆ. ತುಂಬ ಸಂತೋಷ, ಬೇಗ ಮಲಗಿಬಿಡು, ಬೆಳಿಗ್ಗೆ ನಾನೇ ಬಸ್ಸಿಗೆ ಹತ್ತಿಸುತ್ತೇನೆ ಎಂದರು.

ಆದರೆ ಹೆಂಡತಿ ಅಷ್ಟರಲ್ಲಿ ತಮ್ಮನ ಕೈ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದ್ದಳು.

"ನೋಡೋ ಪುಟ್ಟ, ನೀನು ಬಕೆಟ್ ಎತ್ತಿ ಎತ್ತಿ ಸಾಯ್ತೀಯ ಅಂತ ನಿಮ್ಮ ಭಾವ ಬೆಳಗಿಂದ ಒದ್ದಾಡಿ ಇದನ್ನ ಮಾಡಿದ್ದಾರೆ."

ಭಾವಮೈದ ಪೈಪನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ಮೇಜಿನ ಮೇಲಿದ್ದ ನಕ್ಷೆ ನೋಡಿದ. "ನಾನು ನಿಮಗೆ ಭಾರ ಅಂತ ಅಂದ್ಕೊಂಡಿದ್ದೆ ಭಾವ. ಅದಕ್ಕೇ ಹೇಗಾದರೂ ಹೋಗಿಬಿಡೋಣ ಅಂತ ಕೆಲಸ ಹುಡುಕಿದ್ದು" ಎಂದು ಬಿಕ್ಕಿದ. ಮೇಷ್ಟ್ರಿಗೆ ನೀನು ಅಂದುಕೊಂಡದ್ದು ಸರಿಯಾಗಿಯೇ ಇದೆ ಎನ್ನಲು ಬಾಯಿ ಬರಲಿಲ್ಲ.

ಕಣ್ಣೊರೆಸಿಕೊಂಡು ಅವನು ಒಂದೇ ಒಂದು ಪ್ರಶ್ನೆ ಕೇಳಿದ. "ಆದರೆ ಭಾವ, ವಾರ ವಾರ ಡ್ರಮ್ಮು ತುಂಬೋರು ಯಾರು?"

ಎಲ್ಲರೂ ತಲೆಯೆತ್ತಿ ಅಟ್ಟ ನೋಡಿದರು. ನಲ್ಲಿಯ ನೀರು ಅಷ್ಟೆತ್ತರ ಏರುವುದಿಲ್ಲ ಎಂದು ಓವರ್‌ಸಿಯರು ಸಣ್ಣ ದನಿಯಲ್ಲಿ ಒಪ್ಪಿಕೊಂಡರು. ಇಷ್ಟು ದಿನ ನಾಲ್ಕು ಬಕೆಟ್ಟನ್ನು ಸೊಂಟದೆತ್ತರಕ್ಕೆ ಎತ್ತಿದರೆ ಸಾಕಿತ್ತು. ಇನ್ನು ಕೊಡಗಳನ್ನು ಏಣಿ ಹತ್ತಿಸಬೇಕು. ಮೇಷ್ಟ್ರ ನಕ್ಷೆಯಲ್ಲಿ ಡ್ರಮ್ಮು ಮೊದಲಿನಿಂದಲೂ ತುಂಬಿಯೇ ಇತ್ತು.

ಇದನ್ನೆಲ್ಲ ಈಗಲೇ ಕಿತ್ತು ಬಿಸಾಡುತ್ತೇನೆ, ನೀನು ಹೊರಡು ಎಂದು ಮೇಷ್ಟ್ರು ಪೈಪಿಗೆ ಕೈ ಹಾಕಿದರು. ಓವರ್‌ಸಿಯರ ಅಂಟು ಅಲುಗಲಿಲ್ಲ, ಅವರ ಸೊಂಟ ಅಲುಗಿತು. ನೋವಿಗೆ ಕೂತುಬಿಟ್ಟರು, ಹನಿ ಬೀಳುವ ಬೆಂಚಿನ ಮೇಲೇ. ನನ್ನ ಸಲುವಾಗಿ ಸೊಂಟ ಮುರಿದುಕೊಳ್ಳಲೂ ತಯಾರು, ಇಂಥ ಭಾವನನ್ನು ಬಿಟ್ಟು ಎಲ್ಲಿಗೆ ಹೋಗಲಿ ಎಂದು ಭಾವಮೈದ ಮತ್ತೆ ಬಿಕ್ಕಿದ. ಅಲ್ಲೇ ನಿಂತು ಗೋದಾಮಿಗೆ ಫೋನು ಮಾಡಿ, ಮನೆಯಲ್ಲಿ ತನ್ನ ಅಗತ್ಯ ಬಹಳ ಇದೆ, ಬರಲಾಗುವುದಿಲ್ಲ ಎಂದು ಹೇಳಿಬಿಟ್ಟ.

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದಳು.

"ನಿಮ್ಮ ಹತ್ರ ಯಾಕೆ ಮುಚ್ಚಿಡಲಿ? ಇವತ್ತು ಇಂಟರ್‌ವ್ಯೂ ಅಂತ ನನಗೆ ಗೊತ್ತಿತ್ತು. ಆಗೋವರೆಗೂ ಹೇಳಬೇಡ, ಭಾವ ನಗ್ತಾರೆ ಅಂದಿದ್ದ. ಅವನು ಹೊರಟರೆ ಮೀನುಗಳನ್ನ ಟೈಲರಮ್ಮನಿಗೆ ಕೊಟ್ಟುಬಿಡೋಣ ಅಂತ ಮಾತೂ ಆಗಿತ್ತು. ನಿಮಗೆ ಅವು ಕಂಡರೆ ಆಗಲ್ಲ ಅಂತ ತಿಳ್ಕೊಂಡಿದ್ದೆ ನಾನು." ಆಕೆ ಸೆರಗಿನಿಂದ ಅವರ ಭುಜದ ಮೇಲೆ ಬಿದ್ದ ಹನಿ ಒರೆಸಿದಳು. "ಇಷ್ಟು ಕಷ್ಟಪಟ್ಟಿದ್ದೀರಲ್ಲ, ಇನ್ನು ಹೇಗೆ ಕೊಡಲಿ?"

ಮೇಷ್ಟ್ರಿಗೆ ಮಾತಾಡಿದರೆ ಅದನ್ನೂ ಪ್ರೀತಿ ಎಂದೇ ತಿಳಿದಾರು ಎಂಬ ಭಯ.

ಭಾವಮೈದ ಹೊಸ ಸೂಟ್‌ಕೇಸನ್ನು ಕೋಣೆಗೆ ಒಯ್ದಿಟ್ಟು, ತಾಯಿಯ ಕ್ಯಾನ್ವಾಸನ್ನು ಜೋಪಾನವಾಗಿ ಇಳಿಸಿ ಗೋಡೆಗೆ ಮುಖ ಮಾಡಿಟ್ಟು, ಆ ಸ್ಟ್ಯಾಂಡನ್ನು ನಡುಮನೆಗೆ ತಂದು ಅದರ ಮೇಲೆ ನಕ್ಷೆಯನ್ನು ನಿಲ್ಲಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಎಲ್ಲ ಸರಿ, ಒಂದೇ ಕೊರತೆ ಎಂದ. ಏಣಿಯ ಮೇಲೆ ಕೊಡ ಹಿಡಿದ ಮನುಷ್ಯನಿಲ್ಲ. "ನನ್ನನ್ನೂ ಬರೆದುಬಿಡಿ ಭಾವ. ಮುಖ ಕಾಣೋ ಹಾಗೆ."

ಹೆಂಡತಿ ಪೆನ್ಸಿಲು ತಂದು ಕೈಗಿಟ್ಟಳು. ಓವರ್‌ಸಿಯರು, ಟೈಲರಮ್ಮ ಸುತ್ತ ನಿಂತರು. ಭಾವಮೈದ ಏಣಿ ಹತ್ತಿ, ಖಾಲಿ ಕೊಡ ಎತ್ತಿ ಹಿಡಿದು, ಕತ್ತು ಇತ್ತ ತಿರುಗಿಸಿ ಅಲುಗದೆ ನಿಂತ. ಮೇಷ್ಟ್ರು ಬೆಂಚಿನ ಮೇಲೆ ಕೂತಲ್ಲೇ ಬರೆದರು. ಹನ್ನೊಂದು ತಿಂಗಳಲ್ಲಿ ಅವರು ಬರೆದ ಮೊದಲ ಮುಖ ಅದು. ಹೋಲಿಕೆ ಬಹಳ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಒಪ್ಪಿದರು.