ಅತ್ತೆಯ ಅಡ್ಡಗೆರೆ

ನಮ್ಮ ಸೋದರತ್ತೆಗೆ ಬೆಳಗಿನ ಕಾಫಿಯ ಜೊತೆಗೆ ಯಾರಾದರೊಬ್ಬರು ಸತ್ತಿರಲೇಬೇಕು! ಹೆದರಬೇಡಿ, ಅವರೇನೂ ಯಾರನ್ನೂ ಕೊಲ್ಲುವುದಿಲ್ಲ. ಪೇಪರಿನಲ್ಲಿ ಸತ್ತಿದ್ದರೆ ಸಾಕು. ನಮ್ಮದು ಆಂಧ್ರದ ಗಡಿ ಸೀಮೆ, ತೆಲುಗಿನದೊಂದು, ಕನ್ನಡದ್ದೊಂದು, ಹೀಗೆ ಎರಡು ಪೇಪರು ತರಿಸುತ್ತಾರೆ. ನೀವು ನಾವೆಲ್ಲ ಮೊದಲನೇ ಪುಟದಿಂದ ಓದಿದರೆ ಅತ್ತೆ ನೇರವಾಗಿ ನಿಧನದ ಸುದ್ದಿಗೆ ಹೋಗುತ್ತಾರೆ. ಕೈಯಲ್ಲಿ ಪೆನ್ಸಿಲು, ಪಕ್ಕದಲ್ಲಿ ನೋಟ್‌ಬುಕ್ಕು. "ಇವತ್ತು ನಾಕು ಮಂದಿ ಹೋಗ್ಯಾರ. ಅದರಾಗ ಒಬ್ರು ನಮ್ಮೋರು" ಎಂದು ಒಂದು ಗುಟುಕು ಕಾಫಿ ಕುಡಿಯುತ್ತಾರೆ. ನಮ್ಮೋರು ಅಂದರೆ ನೆಂಟರು ಅಂದುಕೊಂಡು ಎದೆ ಹಿಡಿದುಕೊಳ್ಳಬೇಡಿ. ಅತ್ತೆಯ ಪ್ರಕಾರ ಒಂದೇ ಒಂದು ಪುಸ್ತಕ ಬರೆದವರೂ ನಮ್ಮೋರೇ.

ಅತ್ತೆ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದರು. ಯಾವುದು ಅಂತ ಹೇಳಿದರೆ ಅವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಪುಸ್ತಕ ತರಿಸುವ ವಿಭಾಗ, ಪಟ್ಟಿ ಮಾಡುವ ವಿಭಾಗ, ಈಚೆಗೆ ಮೆಟಾಡೇಟಾ ಅಂತ ಇನ್ನೊಂದು, ಮೂರಕ್ಕೂ ಅವರೇ ಮುಖ್ಯಸ್ಥೆ. ಮೆಟಾಡೇಟಾ ಅಂದರೆ ಏನು ಎಂದು ನಾನು ಒಮ್ಮೆ ಕೇಳಿದಾಗ ಅತ್ತೆ ಮುಕ್ಕಾಲು ಗಂಟೆ ವಿವರಿಸಿದರು. ನನಗೆ ಏನೂ ಅರ್ಥವಾಗಲಿಲ್ಲ. ಮಡಕಶಿರದಲ್ಲಿರುವ ಅವರ ಗಂಡ, ನಮ್ಮ ಮಾವ, ಎಲೆಗೆ ಸುಣ್ಣ ಹಚ್ಚುತ್ತಾ ಒಂದೇ ಮಾತಿನಲ್ಲಿ ಮುಗಿಸಿದರು: "ಪುಸ್ತಕದ ಜಾತಕ ಕಣಮ್ಮ ಅದು. ನಿಮ್ಮತ್ತೆ ಜಾತಕ ಬರೆಯೋಳು."

ಆ ಜಾತಕದಲ್ಲಿ ಬರೆದವರ ಹೆಸರಿನ ಮುಂದೆ ಹುಟ್ಟಿದ ವರ್ಷ ಬರೆಯುತ್ತಾರೆ. ಅದರ ಮುಂದೆ ಒಂದು ಅಡ್ಡಗೆರೆ. ಗೆರೆಯ ಮುಂದೆ ಖಾಲಿ ಜಾಗ. ಮನುಷ್ಯ ಬದುಕಿರುವ ತನಕ ಆ ಜಾಗ ಖಾಲಿ. ಹೋದ ಮೇಲೆ ಆ ವರ್ಷವನ್ನೂ ಬರೆದು ಮುಗಿಸಬೇಕು. ಇದಕ್ಕೆ ಅತ್ತೆ "ಗೆರಿ ಮುಚ್ಚೋದು" ಅನ್ನುತ್ತಿದ್ದರು. ಬೇರೆ ಗ್ರಂಥಾಲಯಗಳಲ್ಲಿ ಸತ್ತು ಎಷ್ಟೋ ವರ್ಷವಾದವರೂ ಪಟ್ಟಿಯಲ್ಲಿ ಬದುಕಿರುತ್ತಾರಂತೆ. ಅತ್ತೆಯ ಹತ್ತಿರ ಅಂಥ ಸೋಮಾರಿತನ ನಡೆಯುತ್ತಿರಲಿಲ್ಲ. ನೀವು ಬೆಳಿಗ್ಗೆ ಹೋದರೆ ಮಧ್ಯಾಹ್ನದೊಳಗೆ ನಿಮ್ಮ ಗೆರೆ ಮುಚ್ಚಿರುತ್ತಿತ್ತು!

ಒಮ್ಮೆ ರಾಯದುರ್ಗದಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಒಬ್ಬ ವಯಸ್ಸಾದ ಸಾಹಿತಿ ಕೂತಿದ್ದರು. ಅತ್ತೆ ಓಡಿಹೋಗಿ ಅವರ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. "ಸರ್! ನೀವು ಇನ್ನೂ ಇದ್ದೀರೇನ್ರಿ! ನಿಮ್ಮ ಗೆರಿ ಹಂಗ ತೆರೆದಿಟ್ಟೀನ್ರಿ, ಚಿಂತಿ ಮಾಡಬ್ಯಾಡ್ರಿ!" ಪಾಪ, ಆ ಮನುಷ್ಯ ಹೋಳಿಗೆಯನ್ನೂ ಮುಟ್ಟದೆ ಎದ್ದುಹೋದರು. ಅತ್ತೆಗೆ ಮಾತ್ರ ತಮ್ಮ ತಪ್ಪೇನು ಅಂತ ಇವತ್ತಿಗೂ ತಿಳಿದಿಲ್ಲ.

ಮಡಕಶಿರದ ಅಡುಗೆಮನೆಯ ಕಥೆಯನ್ನಂತೂ ಕೇಳಲೇಬೇಡಿ. ಗ್ರಂಥಾಲಯದ ಪಟ್ಟಿಯ ಹಾಗೆ ಪ್ರತಿ ಡಬ್ಬಿಗೂ ಚೀಟಿ. ಸಕ್ಕರೆ ಡಬ್ಬಿಯ ಮೇಲೆ "ಬೆಲ್ಲವನ್ನೂ ನೋಡಿ" ಅಂತ ಬರೆದಿದೆ. ರಾಗಿಹಿಟ್ಟು ಎಂದು ಬರೆದ ಡಬ್ಬಿ ತೆಗೆದರೆ ಒಳಗೆ ಹಿಟ್ಟಿಲ್ಲ, ಇನ್ನೊಂದು ಚೀಟಿ ಇದೆ: "ಅಟ್ಟದ ಮೇಲೆ ನೋಡಿ." ವಾರವೆಲ್ಲ ಅತ್ತೆ ಕೆಲಸದ ಊರಿನಲ್ಲಿ, ಶನಿವಾರ ಬಂದು ಭಾನುವಾರ ಹೋಗುವವರು. ಮಾವ ಹೇಳುತ್ತಾರೆ: "ಮುದ್ದೆ ಮಾಡ್ಕಂಬಾಕೆ ನಂಗೆ ಹಿಟ್ಟು ಹುಡುಕಾದ್ರೊಳಗೆ ಹಸಿವೇ ಸತ್ತೋಗ್ತೈತಮ್ಮ."

ಅತ್ತೆಯ ಇನ್ನೊಂದು ನಿಯಮ ಇದಕ್ಕಿಂತ ಕಟ್ಟುನಿಟ್ಟು. ಪುಸ್ತಕ ಕೈಯಲ್ಲಿ ಇಲ್ಲದೆ ಅದರ ಬಗ್ಗೆ ಒಂದಕ್ಷರ ಬರೆಯಬಾರದು. ಯಾರೋ ಹೇಳಿದರು, ಎಲ್ಲೋ ಓದಿದೆ, ಇದೆಲ್ಲ ನಡೆಯುವುದಿಲ್ಲ. ಕಣ್ಣಾರೆ ನೋಡಬೇಕು, ಇಲ್ಲವೇ ಕಾಗದದ ಆಧಾರ ಬೇಕು. ನನಗೆ ಗಂಡು ನೋಡುವಾಗಲೂ ಇದೇ ನಿಯಮ! ಫೋಟೋ ಕೊಟ್ಟರೆ ಪಕ್ಕಕ್ಕೆ ಸರಿಸಿ, "ಹುಡುಗನ್ನ ಕರಕೊಂಡು ಬರ್ರಿ, ನೋಡದ ನಾ ಏನೂ ಹೇಳಂಗಿಲ್ಲ" ಅಂದರು. ಹುಡುಗ ಬಂದ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಅವನ ಕಾಗದ ಕೇಳಿದರು. ನಮ್ಮ ಕಡೆ ಗೊತ್ತಲ್ಲ, ತೆಲುಗು ಕಚೇರಿಯ ಕಾಗದದಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಬಳ್ಳಾರಿಯಲ್ಲಿ ಓದಿದವರ ಅಂಕಪಟ್ಟಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಅತ್ತೆ ಎರಡನ್ನೂ ಪಕ್ಕಪಕ್ಕ ಇಟ್ಟು, "ಇವರಿಬ್ರು ಒಬ್ರೇ ಅನ್ನೋದಕ್ಕ ಆಧಾರ ಏನೈತ್ರಿ?" ಎಂದರು. ಹುಡುಗನ ಕಡೆಯವರು ಮುಖ ಮುಖ ನೋಡಿಕೊಂಡರು. ಆ ಹುಡುಗ ಈಗ ನನ್ನ ಗಂಡ. ಅತ್ತೆ ಮನೆಗೆ ಬಂದರೆ ಸಾಕು, ಇವತ್ತಿಗೂ ಎರಡೂ ಹೆಸರಿನ ಕಾರ್ಡು ಜೇಬಿನಲ್ಲಿವೆಯಾ ಅಂತ ಮುಟ್ಟಿ ನೋಡಿಕೊಳ್ಳುತ್ತಾನೆ.

ಇಂಥ ಅತ್ತೆಯನ್ನು ನೋಡಿ ಊರೆಲ್ಲ ನಕ್ಕರೂ ಹೆಮ್ಮೆಪಟ್ಟವನು ನಮ್ಮಪ್ಪ ಒಬ್ಬನೇ. ಅಪ್ಪ ರಾಯದುರ್ಗದಲ್ಲಿ ಟೈಲರು, ಕಟಿಂಗ್ ಮಾಸ್ಟರು. ಜೀನ್ಸ್ ಹೊಲಿದು ಹೊಲಿದು ಬೆರಳ ಸಂದಿಯ ನೀಲಿ ಬಣ್ಣ ಸೋಪಿಗೂ ಬಗ್ಗುತ್ತಿರಲಿಲ್ಲ. ಅಜ್ಜ ಬೇಗ ಹೋಗಿದ್ದರಿಂದ ತಂಗಿಯನ್ನು ಓದಿಸಿದ್ದು ಅವನೇ. ತಾನು ಏಳನೇ ಕ್ಲಾಸಿಗೆ ಮಿಷನ್ನಿನ ಮುಂದೆ ಕೂತವನು, ತಂಗಿಯನ್ನು ಗ್ರಂಥಾಲಯದ ದೊಡ್ಡ ಪದವಿ ಎಂ.ಲಿಬ್. ತನಕ ತಂದ. ಗಿರಾಕಿಗಳಿಗೆಲ್ಲ, "ನನ್ನ ತಂಗಿ ಲಕ್ಷ ಪುಸ್ತಕದ ಯಜಮಾನ್ತಿ" ಅನ್ನುತ್ತಿದ್ದ.

ಆ ಹೆಮ್ಮೆ ತಲೆಗೇರಿ ಅಪ್ಪ ತಾನೂ ಒಂದು ಪುಸ್ತಕ ಬರೆದುಬಿಟ್ಟ! 'ಕತ್ತರಿ ಹಿಡಿಯುವ ಮುನ್ನ' ಅಂತ ಹೆಸರು. ಬಟ್ಟೆ ಕತ್ತರಿಸುವುದು ಹೇಗೆ, ಸೊಂಟದ ಅಳತೆ ಸುಳ್ಳು ಹೇಳುವ ಗಿರಾಕಿಯನ್ನು ಹಿಡಿಯುವುದು ಹೇಗೆ, ಎಲ್ಲಾ ಇತ್ತು. ಬಳ್ಳಾರಿಯ ಪ್ರೆಸ್ಸಿನಲ್ಲಿ ಅಚ್ಚಾಯಿತು. ಒಂದು ಪ್ರತಿಯನ್ನು ತಂಗಿಯ ಕೈಗಿಟ್ಟು, "ನಿಮ್ಮ ಲೈಬ್ರರಿಗೆ ತಗೋ" ಎಂದ. ಅತ್ತೆ ಏನಂದರು ಗೊತ್ತೇ? "ನಾ ಆ ಕುರ್ಚಿಯಾಗ ಕುಂತು ಅಣ್ಣನ ಪುಸ್ತಕ ಕೊಂಡ್ರ ಮಂದಿ ಏನಂತಾರ? ದಾನ ಕೊಡ್ತೀನಂತ ಅರ್ಜಿ ಬರಕೊಡು." ಅಪ್ಪ ಅರ್ಜಿ ಬರೆದ. ವಾರದ ನಂತರ ಅಂಚೆಯಲ್ಲಿ ಪತ್ರ ಬಂತು: "ಮಾನ್ಯ ದಾನಿಗಳೇ, ತಮ್ಮ ಕೊಡುಗೆಗೆ ಧನ್ಯವಾದಗಳು." ಕೆಳಗೆ ತಂಗಿಯ ಸಹಿ. ಅಪ್ಪ ನಕ್ಕು ನಕ್ಕು ಸುಸ್ತಾಗಿ ಅದಕ್ಕೆ ಕಟ್ಟು ಹಾಕಿಸಿ, ಅಂಗಡಿಯಲ್ಲಿ ನೇಮಕಲ್ಲಿನ ಆಂಜನೇಯನ ಫೋಟೋ ಪಕ್ಕದಲ್ಲೇ ತೂಗುಹಾಕಿದ.

ಜಾತಕಕ್ಕೆ ಅಪ್ಪನ ಹುಟ್ಟಿದ ವರ್ಷ ಬೇಕಿತ್ತು. ಅಪ್ಪನಿಗೆ ಗೊತ್ತಿಲ್ಲ. ಅತ್ತೆ ರಜೆ ಹಾಕಿ ಅವನು ಓದಿದ ಶಾಲೆಗೆ ಹೋಗಿ, ಗೆದ್ದಲು ತಿಂದ ದಾಖಲೆ ಪುಸ್ತಕ ತೆಗೆಸಿ ವರ್ಷ ಹುಡುಕಿದರು. ಆ ಹಬ್ಬಕ್ಕೆ ತವರಿಗೆ ಬಂದಾಗ ಕಾಗದದ ಮೇಲೆ ಬರೆದು ತೋರಿಸಿದರು.

"ವರ್ಷ ಆತು, ಮುಂದ ಈ ಗೆರಿ ಯಾಕ?" ಅಂದ ಅಪ್ಪ.

"ನೀ ಇದ್ದೀ ಅನ್ನೋದಕ್ಕ."

"ಹಂಗಾದ್ರ ಸ್ವಲ್ಪ ಉದ್ದ ಎಳಿಯವ್ವ!"

ನಾವೆಲ್ಲ ಎಷ್ಟು ನಕ್ಕೆವು!

ಇಲ್ಲಿಂದ ಮುಂದೆ ನಗಿಸುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಎರಡು ವರ್ಷದ ಹಿಂದೆ, ಮಾರ್ಚ್ ಕೊನೆಯಲ್ಲಿ, ಒಂದು ಬೆಳಿಗ್ಗೆ ಅಪ್ಪನಿಗೆ ಎದೆನೋವು ಬಂತು. ಅತ್ತೆಗೆ ಫೋನ್ ಮಾಡಿದೆ. ಆ ತಿಂಗಳು ಮುಗಿಯುವುದರೊಳಗೆ ಲೆಕ್ಕದ ವರ್ಷದ ಪುಸ್ತಕಗಳೆಲ್ಲ ರಿಜಿಸ್ಟರಿಗೆ ಏರಬೇಕು, ಪ್ರತಿ ಹಾಳೆಗೂ ಅವರ ಸಹಿ ಬೀಳಬೇಕು. "ಇನ್ನೊಂದು ತಾಸು ಯವ್ವಾ. ಸಹಿ ಮುಗಿಸಿ ಬಸ್ ಹತ್ತತೀನಿ" ಎಂದರು. ಮಧ್ಯಾಹ್ನದ ಹೊತ್ತಿಗೆ ಅಪ್ಪ ಹೋದ. ರಾಯದುರ್ಗದ ಬಿಸಿಲು, ಇಡಬಾರದು ಅಂತ ಹಿರಿಯರು ಅವಸರ ಮಾಡಿದರು. ಅತ್ತೆ ಬಾಗಿಲಿಗೆ ಬರುವಾಗ ಮಣ್ಣು ಮುಗಿಸಿ ಬಂದವರು ಅಂಗಳದಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು.

ನನ್ನ ಬಾಯಿ ಎಂಥದು ಅಂತ ನಿಮಗೆ ಇಷ್ಟು ಹೊತ್ತಿಗೆ ತಿಳಿದಿರಬಹುದು. ಅಷ್ಟು ಜನರ ಮುಂದೆ ಅಂದುಬಿಟ್ಟೆ: "ನಿಮ್ಮ ಪುಸ್ತಕ ಎಲ್ಲಾ ಏರಿಸಿ ಮುಗೀತೇನ್ರಿ ಅತ್ತಿ?" ಅತ್ತೆ ಹೊಸಲಲ್ಲೇ ನಿಂತರು. ಅಲ್ಲಿಂದ ಎರಡು ವರ್ಷ ನಾನು ಅವರನ್ನು ಮಾತಾಡಿಸಲಿಲ್ಲ.

ಈಚೆಗೆ ಒಂದು ದಿನ, ಅಪ್ಪನ ಅಂಗಡಿಯಲ್ಲಿ ಕರೆಂಟು ಹೋಗಿ ಮಿಷನ್ನುಗಳೆಲ್ಲ ನಿಂತಿದ್ದಾಗ, ಫೋನಿನಲ್ಲಿ ಆ ಗ್ರಂಥಾಲಯದ ಪಟ್ಟಿ ತೆಗೆದು ಅಪ್ಪನ ಹೆಸರು ಹುಡುಕಿದೆ. ಬಂತು. ಹುಟ್ಟಿದ ವರ್ಷ, ಅಡ್ಡಗೆರೆ, ಮುಂದೆ ಖಾಲಿ. ಮೈ ಉರಿದುಹೋಯಿತು. ಊರ ಮಂದಿಯ ಗೆರೆಯನ್ನೆಲ್ಲ ಮಧ್ಯಾಹ್ನದೊಳಗೆ ಮುಚ್ಚುವವರಿಗೆ ಓದಿಸಿದ ಅಣ್ಣನ ನೆನಪೇ ಇಲ್ಲವೇ? ಸಿಟ್ಟಿನಲ್ಲಿ ಮಾವನಿಗೆ ಫೋನ್ ಮಾಡಿ ಕೂಗಾಡಿದೆ.

ಮಾವ ಪೂರ್ತಿ ಕೇಳಿಸಿಕೊಂಡರು. "ಮರೆತಿಲ್ಲ ಕಣಮ್ಮ" ಎಂದರು. "ಈ ತಿಂಗ್ಳು ಕೊನೇಗೆ ಅವ್ಳು ರಿಟೈರ್ಡು. ಅದೊಂದನ್ನ ಬಾಕಿ ಮಡಿಕ್ಕಂಡು ಕುಂತವ್ಳೆ. ಕೈಕೆಳಗ್ನೋರು ನಾವ್ ಮಾಡ್ತೀವಿ ಅಂದ್ರೆ ಬೈದವ್ಳೆ. ಕಣ್ಣಾರೆ ನೋಡಿಲ್ವಂತೆ, ಕಾಗ್ದಾನೂ ಇಲ್ವಂತೆ. ಕಾಗ್ದ ನಿನ್ತಾವ ಐತೆ. ನಿನ್ನ ಕೇಳಾಕೆ ಅವ್ಳಿಗೆ ಮುಖ ಇಲ್ಲ."

ಕಾಗದ ತಾನೇ? ಮುಖಕ್ಕೆ ಹಿಡಿದೇ ಬರುತ್ತೇನೆ ಎಂದು ಅಪ್ಪನ ಮರಣ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಅತ್ತೆಯ ಕೆಲಸದ ಕೊನೆಯ ದಿನ ಬಸ್ಸು ಹತ್ತಿದೆ.

ಗ್ರಂಥಾಲಯದ ಆ ಕೋಣೆಯಲ್ಲಿ ಅತ್ತೆ ಒಬ್ಬರೇ ಇದ್ದರು. ಮೇಜಿನ ಮೇಲೆ ಬೀಳ್ಕೊಡುಗೆಯ ಹಾರ ಮಡಚಿಟ್ಟಿತ್ತು. ಎದುರಿಗೆ ಕಂಪ್ಯೂಟರಿನಲ್ಲಿ ಅಪ್ಪನ ಜಾತಕ ತೆರೆದಿತ್ತು, ಪಕ್ಕದಲ್ಲಿ ಅವನ ಪುಸ್ತಕ. ಎರಡು ವರ್ಷದಲ್ಲಿ ಇಷ್ಟು ಮುದುಕಿಯಾಗಿದ್ದಾರೆ ಅಂದುಕೊಂಡಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತುಬಿಟ್ಟರು, ನಾನೇ ಹಿರಿಯಳು ಅನ್ನುವ ಹಾಗೆ. ಮುಖಕ್ಕೆ ಹಿಡಿಯಲು ತಂದ ಕವರನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ.

ಅತ್ತೆ ಕನ್ನಡಕ ಏರಿಸಿ ಓದಿದರು. ಮೊದಲಿನಿಂದ ಇನ್ನೊಮ್ಮೆ ಓದಿದರು. ತೆಲುಗಿನ ಕಾಗದ, ಮನೆತನದ ಹೆಸರು ಮೊದಲು. ಪುಸ್ತಕದ ಮೇಲೆ ಅಪ್ಪ ಬರೀ ತನ್ನ ಹೆಸರು ಹಾಕಿಕೊಂಡಿದ್ದ. ಅತ್ತೆ ಎರಡನ್ನೂ ಪಕ್ಕಪಕ್ಕ ಇಟ್ಟರು. ನನ್ನ ಗಂಡನ ಕಾಗದ ಇಟ್ಟ ಹಾಗೇ.

"ಹೆಸರು ಬ್ಯಾರೆ ಐತಲ್ಲ ಯವ್ವಾ" ಎಂದು ನನ್ನ ಮುಖ ನೋಡಿದರು. "ಇದು ಬ್ಯಾರೆ ಯಾರರೇ ಇರಬಹುದಲ್ಲ?"

ಇಡೀ ಜೀವಮಾನದಲ್ಲಿ ಅತ್ತೆ ಸುಳ್ಳು ಆಧಾರವೊಂದನ್ನು ಬೇಡಿದ್ದು ಅದೊಂದೇ ಸಲ.

"ಅಪ್ಪನೇ ಅತ್ತಿ" ಎಂದೆ.

ಅತ್ತೆ ಕೂತರು. ಒಂದೊಂದೇ ಕೇಳತೊಡಗಿದರು. ಯಾವ ಅಂಗಿ ಹಾಕಿದ್ರಿ? ಬಿಳೀದು, ತಾನೇ ಹೊಲಕೊಂಡಿದ್ದು. ಕಣ್ಣು ಯಾರು ಮುಚ್ಚಿದ್ರು? ನಾನೇ. ಬೆರಳ ಸಂದಿಯ ನೀಲಿ ಹೋಗಿತ್ತೇನು? ಇಲ್ರಿ ಅತ್ತಿ, ಹಂಗೇ ಇತ್ತು. ಹೇಳುತ್ತಾ ಹೇಳುತ್ತಾ ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಅಳಲಿಲ್ಲ, ಒಂದಕ್ಷರವೂ ತಪ್ಪಬಾರದು ಅನ್ನುವಂತೆ ಕೇಳುತ್ತಿದ್ದರು. ಕೊನೆಗೆ ತಲೆ ತಗ್ಗಿಸಿ ಕೇಳಿದರು: "ನನ್ನ ಕೇಳಿದ್ನೇನು?"

ಕೇಳಿದ್ದ. ನಿಜ ಹೇಳುತ್ತೇನೆ, ಎರಡು ವರ್ಷ ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅತ್ತೆಯ ಮೇಲಿನ ಸಿಟ್ಟು ಎಲ್ಲಿ ಕರಗುತ್ತದೋ ಅಂತ ಮುಚ್ಚಿಟ್ಟುಕೊಂಡಿದ್ದೆ. "ತಂಗಿ ಹೊಂಟಾಳೇನು ಅಂತ ಕೇಳಿದ. ಸಹಿ ಹಾಕಿ ಬರ್ತಾರಪ್ಪ ಅಂದೆ. ಅದಕ್ಕ, 'ಮುಗಿಸಿಕೊಂಡು ಬರ್ಲಿ ಬಿಡು, ಮಾರ್ಚ್ ಐತಿ. ಅಕಿಗೆ ಅವಸರ ಮಾಡಬ್ಯಾಡ' ಅಂದ ಅತ್ತಿ. ನಕ್ಕೋತ ಅಂದ."

ಆಗ ಅತ್ತೆ ಅತ್ತರು. ಸೆರಗು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ, ಗ್ರಂಥಾಲಯದಲ್ಲಿ ಅಳಬೇಕಾದ ಹಾಗೆ ಅತ್ತರು. ಆಮೇಲೆ ಮುಖ ಒರೆಸಿಕೊಂಡು ಕುರ್ಚಿ ಮುಂದೆ ಎಳೆದುಕೊಂಡರು. ಗೆರೆಯ ಮುಂದಿನ ಖಾಲಿ ಜಾಗದಲ್ಲಿ ಒಂದೊಂದೇ ಅಂಕಿ ಒತ್ತಿದರು. ನಾಲ್ಕು ಅಂಕಿ ಒತ್ತಲು ಎಷ್ಟು ಹೊತ್ತು ಹಿಡಿಯಿತೋ! ಉಳಿಸುವ ಗುಂಡಿಯ ಮೇಲೆ ಬೆರಳಿಟ್ಟು, ನನ್ನ ಕಡೆ ತಿರುಗದೆ ಹೇಳಿದರು:

"ಉದ್ದ ಎಳಿ ಅಂದಿದ್ದ. ಎರಡು ವರ್ಷ ಎಳದೆ ಯವ್ವಾ. ಇನ್ನ ನನ್ನ ಕೈಲೆ ಆಗಂಗಿಲ್ಲ."